ಹಿಂಬಾಗಿಲಿಗೆ ಸೊನ್ನೆ

“ಹಲೋ... ಹಲೋ, ಯಾರು ಮಾತಾಡ್ತಿರೋದು?... ಒಂದು ನಿಮಿಷ ತಡೀರಿ, ಇಲ್ಲಿ ಏನೋ ಸೀದು ಹೋಗ್ತಿದೆ...”

ಸೀದದ್ದು ಬಟ್ಟೆ. ಗಂಜಿ ಹಾಕಿದ ಏಪ್ರನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಹೆಚ್ಚಾಗಿ ನಿಂತಿತ್ತು, ಅಷ್ಟೆ. ಆದರೆ ಆ ವಾಸನೆ ಭೂಗೋಳ ಮೇಡಂ ಅವರನ್ನು ಟೈಲರ್ ಅಂಗಡಿಯಿಂದ ಅನಾಮತ್ತಾಗಿ ಎತ್ತಿಕೊಂಡು ಹೋಗಿ, ಬಾಲ್ಯದ ಒಂದು ಹಾಸ್ಟೆಲಿನ ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿಬಿಟ್ಟಿತು. ಅವರ ಅಮ್ಮ ಅಲ್ಲಿ ಅಡುಗೆಯವರು. ಎಲ್ಲರೂ ಉಂಡೆದ್ದ ಮೇಲೆ, ದೊಡ್ಡ ಪಾತ್ರೆಯ ತಳಕ್ಕೆ ಹತ್ತಿದ ಅನ್ನವನ್ನು ಅಮ್ಮ ಸೌಟಿನಿಂದ ಕೆರೆಯುವಾಗ ಏಳುತ್ತಿದ್ದದ್ದು ಇದೇ ವಾಸನೆ.

ಟೈಲರಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಆ ಕಂದು ಕಲೆಯನ್ನು ಒತ್ತತೊಡಗಿದರು. ಮೇಡಂ ಅಂಗಡಿಯ ಫೋನನ್ನು ಮತ್ತೆ ಕಿವಿಗೆ ಹಿಡಿದರು.

“ಹಾಂ, ಈಗ ಹೇಳಿ... ಓ, ನೀನಾ ಡುಮ್ಮಣ್ಣ! ಅಲ್ವೋ, ಸ್ವಂತ ಅತ್ತೆಗೆ ಫೋನ್ ಮಾಡಿ ‘ಮೇಡಂ ಇದ್ದಾರಾ’ ಅಂತ ಕೇಳಿದ್ರೆ ಯಾವುದೋ ಬ್ಯಾಂಕಿನವರು ಅಂದ್ಕೊಳ್ಳಲ್ವಾ ನಾನು?...”

“... ಏನು?... ಆಯ್ತು ಆಯ್ತು, ಡುಮ್ಮಣ್ಣ ಅನ್ನಲ್ಲ. ಸ್ಪೀಕರ್‌ನಲ್ಲಿ ಹಾಕಿದ್ದೀಯಾ?... ಕೆಲಸದವರು ನಗ್ತಾರಾ? ನಗಲಿ ಬಿಡಪ್ಪ. ಆ ಅಡುಗೆಮನೇಲಿ ಒಂದು ನಗು ಕೇಳಿ ಎಷ್ಟು ಕಾಲ ಆಯ್ತೋ ಏನೋ... ಸ್ಪೀಕರ್ ಆರಿಸಿ ಮುಂದಕ್ಕೆ ಬಂದ್ಯಾ? ಸರಿ...”

“... ನಂದು ಊಟ ಇನ್ನೂ ಇಲ್ಲ. ನಿಂದಾಯ್ತಾ?... ಒಳ್ಳೇದು. ಒಳಗಿರೋರದ್ದು?... ಏನಿಲ್ಲ, ಸುಮ್ಮನೆ ಕೇಳಿದೆ...”

ಸುಮ್ಮನೆ ಕೇಳಿದ್ದಲ್ಲವೆಂದು ಕೇಳಿದವರಿಗೂ ಗೊತ್ತಿತ್ತು, ಕೇಳಿಸಿಕೊಂಡವನಿಗೂ ಗೊತ್ತಿತ್ತು. ಮೇಡಂ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಬಾಗಿಲ ಆಚೆ ಗೋಡೆಗೆ ನೇತುಹಾಕಿದ್ದ ಕಪ್ಪು ಬೋರ್ಡಿನ ಕಡೆ ನೋಡಿದರು. ಓಣಿಯ ಬಿಸಿಲು ಅದರ ಅರ್ಧಕ್ಕೆ ಬಂದಿತ್ತು.

ಆ ಬೋರ್ಡಿನ ಹಿಂದೆ ಮೂವರು ಗೆಳತಿಯರಿದ್ದರು. ನಿವೃತ್ತರಾದ ಭೂಗೋಳ ಮೇಡಂ, ಆಸ್ಪತ್ರೆ ಕೆಲಸ ಬಿಟ್ಟ ಮೇಲೂ ಎಲ್ಲರ ಉಗುರು ನೋಡುವ ಚಟ ಬಿಡದ ನರ್ಸಮ್ಮ, ಮತ್ತು ಈ ಅಂಗಡಿಯ ಟೈಲರಮ್ಮ. ಬುಧವಾರ ಬಂತೆಂದರೆ ಮೂವರೂ ಸೀರೆಯೋ ಸ್ಕರ್ಟೋ ಇದ್ದುದರಲ್ಲಿ ಒಳ್ಳೆಯದು ಉಟ್ಟುತೊಟ್ಟು, ಸುತ್ತಲಿನ ಯಾವುದಾದರೂ ಒಂದು ಹೋಟೆಲಿಗೆ ಹೋಗಿ ಊಟ ಮಾಡುತ್ತಿದ್ದರು. ಬಂದು ಬೋರ್ಡಿನ ಮೇಲೆ ಅಂಕ ಬರೆಯುತ್ತಿದ್ದರು. ಮೊದಮೊದಲು ತಮಾಷೆಗೆ ಶುರುವಾದದ್ದು. ಈಗ ಆಫೀಸು ಬಿಟ್ಟು ಬರುವವರು ಈ ಬೋರ್ಡನ್ನು ನೋಡಿಯೇ ರಾತ್ರಿಯ ಊಟಕ್ಕೆ ಯಾವ ಕಡೆ ತಿರುಗುವುದೆಂದು ತೀರ್ಮಾನ ಮಾಡುವಷ್ಟು ಬೆಳೆದಿತ್ತು.

ಅಂಕ ಕೊಡುವುದರಲ್ಲಿ ಅವರದೇ ಒಂದು ಹಂಚಿಕೆಯಿತ್ತು. ರುಚಿ ಟೈಲರಮ್ಮನ ಪಾಲು, ಅದಕ್ಕೆ ನಾಲ್ಕು ಅಂಕ. ಶುಚಿ ನರ್ಸಮ್ಮನದು, ಅದಕ್ಕೆ ಮೂರು. ಉಳಿದ ಮೂರು ಹಿಂಬಾಗಿಲಿಗೆ. ಬೇಯಿಸಿದವರು, ಬಡಿಸಿದವರು, ತೊಳೆದವರು ಏನು ತಿನ್ನುತ್ತಾರೆ, ಕೂತು ತಿನ್ನುತ್ತಾರೋ ನಿಂತು ತಿನ್ನುತ್ತಾರೋ ಎಂದು ನೋಡಿ ಬರುವ ಕೆಲಸ ಭೂಗೋಳ ಮೇಡಂ ಅವರದು. ಊಟ ಮುಗಿಯುತ್ತಲೇ ಕೈ ತೊಳೆಯುವ ನೆಪದಲ್ಲಿ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ದಾರಿ ತಪ್ಪಿದ ಮುದುಕಿಯನ್ನು ಯಾರೂ ಗದರುವುದಿಲ್ಲ.

“... ಬೋರ್ಡ್ ವಿಷಯಾನಾ? ಯಾರು ಹೇಳಿದ್ರು?... ಫೋಟೋ ತೆಗೆದು ಕಳಿಸಿದ್ರಾ? ಅಕ್ಷರ ಚೆನ್ನಾಗಿ ಬಂದಿದೆಯಾ?... ಅಲ್ಲ, ಹಲಗೆ ಮೇಲೆ ನದಿ, ಬೆಟ್ಟ ಎಲ್ಲ ಬರೆದ ಕೈ ಇದು, ಸೊನ್ನೆ ಸೊಟ್ಟ ಆಗಬಾರದಲ್ವಾ, ಅದಕ್ಕೇ ಕೇಳಿದೆ...”

“... ಊಟ ಚೆನ್ನಾಗಿರಲಿಲ್ಲ ಅಂತ ಯಾರಂದ್ರು? ಆ ಮೀನು, ಆ ಸೂಪು, ಒಂದಕ್ಕಿಂತ ಒಂದು! ಟೈಲರಮ್ಮ ಪೂರ್ತಿ ನಾಲ್ಕು ಕೊಟ್ಟಿದ್ದಾಳೆ ಕಣೋ. ಸ್ವಂತ ಮಗಳ ಅಡುಗೆಗೇ ಎರಡೂವರೆ ದಾಟಿದೋಳಲ್ಲ ಅವಳು... ನರ್ಸಮ್ಮನೂ ಪೂರ್ತಿ ಕೊಟ್ಟಳು. ‘ನಿಮ್ಮ ಅಣ್ಣನ ಮಗನ ಉಗುರು ನೋಡಿ, ಡಾಕ್ಟರಿಗೂ ಇರಲ್ಲ ಇಂಥ ಉಗುರು’ ಅಂದ್ಲು...”

“... ಸೊನ್ನೆ ಒಂದೇ ಕಾಣಿಸ್ತಾ ನಿನಗೆ? ಹತ್ತಕ್ಕೆ ಏಳು ಬಂದಿದೆ. ನನ್ನ ಕ್ಲಾಸಲ್ಲಿ ನಿನಗೆ ಏಳು ಬಂದಿದ್ರೆ ನಿಮ್ಮಪ್ಪ ಊರಿಗೆಲ್ಲ ಸಿಹಿ ಹಂಚ್ತಿದ್ದ...”

“... ಆಗಲ್ಲ... ಇಲ್ಲಪ್ಪ, ಅಳಿಸೋಕಾಗಲ್ಲ... ಸಂಜೆ ಜನ ಬರೋದ್ರೊಳಗೆ ಅಂದ್ರೂ ಅಷ್ಟೇ, ಆಮೇಲೆ ಅಂದ್ರೂ ಅಷ್ಟೇ...”

ಮಾತು ಮೆತ್ತಗೇ ಇತ್ತು. ಈ ಮೇಡಂ ತರಗತಿಯಲ್ಲೂ ಎಂದೂ ದನಿ ಏರಿಸಿದವರಲ್ಲ. ಆದರೆ ಅವರ ದನಿ ಇಷ್ಟು ಮೆತ್ತಗಾದಾಗ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ಟೈಲರಮ್ಮ ಕಲೆ ಒತ್ತುವುದನ್ನು ಬಿಟ್ಟು ಹಾಗೇ ನಿಂತರು. ಒದ್ದೆ ಬಟ್ಟೆ ಅವರ ಕೈಯಲ್ಲೇ ಇತ್ತು.

“... ಹಾಂ, ನೋಡಿದೆ. ಕಣ್ಣಾರೆ ನೋಡಿದೆ, ಇಲ್ಲ ಅನ್ನಲ್ಲ. ನಿನ್ನೆ ನಾನು ಹಿಂದಕ್ಕೆ ಬಂದಾಗ ನಿನ್ನ ಕೆಲಸದವರು ನಾಲ್ಕೂ ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ರು. ಎದುರಿಗೆ ಬಿಳಿ ಪ್ಲೇಟು. ಪ್ಲೇಟಲ್ಲಿ ನಮಗೆ ಬಡಿಸಿದ್ದೇ ಮೀನು, ಹೊಗೆಯಾಡೋ ಅನ್ನ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ ನಿನಗೆ?... ನಮ್ಮ ಹುಡುಗ, ನಮ್ಮ ಮನೆ ಮಗು, ನೋಡು ಹೇಗೆ ನೋಡ್ಕೋತಾನೆ ಅಂತ ಕಣ್ಣು ತುಂಬಿ ಬಂತು. ಬೀದಿಗೆ ಬಂದೋಳೇ ಇವರಿಬ್ಬರಿಗೂ ‘ಮೂರಕ್ಕೆ ಮೂರು’ ಅಂದೆ. ನರ್ಸಮ್ಮ ಚಪ್ಪಾಳೆ ಹೊಡೆದ್ಲು. ಇವರಿಬ್ಬರೂ ಬರೆಯೋಕೆ ಅಂತ ಮುಂದೆ ಬಂದ್ರು...”

“... ಆಮೇಲೇನು? ಬಿಸಿಲು! ತಲೆ ಚುರ್ ಅಂದಾಗ ನೆನಪಾಯ್ತು, ಕೊಡೆ ನಿನ್ನ ಹಿಂಬಾಗಿಲಲ್ಲೇ ಬಿಟ್ಟು ಬಂದಿದ್ದೀನಿ ಅಂತ. ಹಿಂದಿನ ಓಣಿಯಿಂದಲೇ ವಾಪಸ್ ಬಂದೆ...”

ಮೇಡಂ ಮೇಜಿಗೆ ಒರಗಿಸಿದ್ದ ತಮ್ಮ ಕಪ್ಪು ಕೊಡೆಯ ಕಡೆ ನೋಡಿದರು.

“... ಇದ್ದೀಯಾ?... ಹಾಂ. ನೀನು ಬೆನ್ನು ತಿರುಗಿಸಿದ್ದೆ, ನನ್ನ ನೋಡಲಿಲ್ಲ. ಕೈಯಲ್ಲಿ ಇಕ್ಕಳ. ಅವರ ಪ್ಲೇಟಲ್ಲಿದ್ದ ಮೀನನ್ನ ಒಂದೊಂದಾಗಿ ಎತ್ತಿ ವಾಪಸ್ ಟ್ರೇಗೆ ಇಡ್ತಿದ್ದೆ. ಎಷ್ಟು ನಾಜೂಕು! ಒಂದು ಚೂರೂ ಮುರೀಲಿಲ್ಲ. ಅನ್ನಾನೂ ಸುರಿದೆ, ಪಾತ್ರೆಗೆ. ನಾಲ್ಕೂ ಜನ ಕೂತು ನೋಡ್ತಿದ್ರು, ಪಾಪ, ಬೇರೆ ಯಾರದೋ ಊಟ ನೋಡೋ ಹಾಗೆ. ಆಮೇಲೆ ಎದ್ದು, ಬ್ರೆಡ್ಡಿನ ಅಂಚು ಹಿಡ್ಕೊಂಡು ಸಿಂಕಿನ ಹತ್ತಿರ ನಿಂತ್ಕೊಂಡ್ರು... ದಡ್ಡಿ ನಾನೇ. ಮೊದಲನೇ ಸಲಾನೇ ನೋಡಬೇಕಿತ್ತು. ಅಷ್ಟು ಪ್ಲೇಟು ತುಂಬಿದೆ, ಒಂದು ತುತ್ತೂ ಕಲಸಿಲ್ಲ, ಒಬ್ಬರ ಬೆರಳಿಗೂ ಅನ್ನ ಅಂಟಿಲ್ಲ...”

“... ಯಾರೂ ಹೇಳಲಿಲ್ಲ! ಪಾತ್ರೆ ತೊಳೆಯೋಳಾ? ಅವಳು ಹೇಳಿದ್ದು ಒಂದೇ ಮಾತು, ಏನು ಅಂತ ಕೇಳು. ನನ್ನ ನೋಡಿದ್ಲು, ಕೊಡೆ ತಗೊಂಡ್ಲು. ಒದ್ದೆ ಕೈ ಒರೆಸ್ಕೊಂಡು, ಹಿಡಿ ನನ್ನ ಕಡೆ ಬರೋ ಹಾಗೆ ತಿರುಗಿಸಿ ಕೊಟ್ಟು, ‘ಬಿಸಿಲಿದೆ ಅಮ್ಮ, ನಿಧಾನ ಹೋಗಿ’ ಅಂದ್ಲು. ತನ್ನ ಮುಂದಿನ ಪ್ಲೇಟು ಅದೇ ತಾನೇ ಹೋಗಿತ್ತು, ಅವಳಿಗೆ ಕಾಣಿಸಿದ್ದು ನನ್ನ ತಲೆ ಮೇಲಿನ ಬಿಸಿಲು... ಆ ಹೆಂಗಸಿನ ತಂಟೆಗೆ ಹೋದೆ ಅಂತ ಗೊತ್ತಾಗ್ಲಿ, ನಿನ್ನ ಹೋಟೆಲ್ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಅದೇ ಕೊಡೆ ಬಿಚ್ಕೊಂಡು...”

ನಿನ್ನೆ ಮೇಡಂ ಹಿಂತಿರುಗಿ ಅಂಗಡಿಗೆ ಬಂದಾಗ, ಅವರ ಮಾತು ನಂಬಿ ಟೈಲರಮ್ಮ ಆಗಲೇ ‘ಹಿಂಬಾಗಿಲು: ಮೂರು’ ಎಂದು ಬರೆದುಬಿಟ್ಟಿದ್ದರು. ಮೇಡಂ ಅಂಗೈಯಿಂದಲೇ ಅದನ್ನು ಒರೆಸಿ, ಅದರ ಮೇಲೆ ಸೊನ್ನೆ ಬರೆದಿದ್ದರು. ಒಣಗೈಯಲ್ಲಿ ಒರೆಸಿದ್ದು, ಪೂರ್ತಿ ಹೋಗಿರಲಿಲ್ಲ. ಸೊನ್ನೆಯ ಹಿಂದೆ ಆ ಮೂರು ಈಗಲೂ ಮಸುಕಾಗಿ ನಿಂತಿತ್ತು.

“... ಎಲ್ಲ ಕಡೆ ಹಾಗೇ ಇರತ್ತಾ? ಇರಬಹುದು. ಗಾಜಿನ ಬಾಗಿಲಿನ ಹೋಟೆಲಿಗೆ ಒಂದೇ ಅಂಕ ಕೊಟ್ಟಿದ್ದೆ, ಮರೆತ್ಯಾ? ಆದರೆ ಅವನು ಪ್ಲೇಟು ಜೋಡಿಸಿ ನಾಟಕ ಆಡಲಿಲ್ಲ. ಸೇತುವೆ ಹತ್ತಿರದ ಗಾಡಿಯವನಿಗೆ ಮೂರು ಕೊಟ್ಟೆ. ಕೆಲಸದೋನಿಗೆ ಸ್ಟೂಲ್ ಕೊಟ್ಟು ತಾನು ನಿಂತು ತಿಂತಾನೆ ಅವನು... ಮತ್ತೆ ಇನ್ನೊಂದು. ಅವರು ಯಾರೂ ತಮ್ಮ ಹೋಟೆಲಿಗೆ ‘ಅಜ್ಜಿಯ ಅಡುಗೆಮನೆ’ ಅಂತ ಹೆಸರಿಟ್ಟಿಲ್ಲ...”

“... ಹೌದು, ನಿನ್ನಜ್ಜಿಯೇ. ನನಗೆ ಅಮ್ಮ. ಗಲ್ಲಾ ಮೇಲೆ ಫೋಟೋ ಹಾಕಿ ಲೈಟ್ ಬೇರೆ ಬಿಟ್ಟಿದ್ದೀಯಲ್ಲ, ಅವಳೇ. ಅವಳು ಹೇಗೆ ಊಟ ಮಾಡ್ತಿದ್ಲು, ಯಾರಾದ್ರೂ ಹೇಳಿದ್ದಾರಾ ನಿನಗೆ?... ಅದೇ, ಸೀದ ಅನ್ನ. ಇಷ್ಟ ಅಂತಿದ್ಲು. ‘ನನಗೆ ತಳದ್ದೇ ಇಷ್ಟ’ ಅಂತ ಹೇಳಿ ಹೇಳಿ ನಮ್ಮನ್ನ ನಂಬಿಸಿದ್ಲು. ಹೊಸ್ತಿಲ ಮೇಲೆ ಕೂತು ನಾನೂ ನಿಮ್ಮಪ್ಪಾನೂ ನೋಡ್ತಿದ್ವಿ. ನಿಮ್ಮಪ್ಪ ಈಗಲೂ ನಂಬ್ಕೊಂಡಿದ್ದಾನೆ, ಮೊನ್ನೆ ಕೂಡ ಯಾರಿಗೋ ಹೇಳ್ತಿದ್ದ. ನಮ್ಮಮ್ಮನಿಗೆ ಸೀದ ಅನ್ನ ಅಂದ್ರೆ ಪ್ರಾಣ ಅಂತ...”

“... ಸುಳ್ಳು ಅಂತ ಹೇಗೆ ಗೊತ್ತಾ? ನಾನು ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದಾಗ ಅವಳನ್ನ ಕರ್ಕೊಂಡು ಬಂದು ಕೂರಿಸಿ ಬಡಿಸಿದೆ. ಅವಳಿಗೆ ಇಷ್ಟ ಅಂತ ಬೇಕಂತಲೇ ತಳ ಹಿಡಿಸಿದ್ದೆ. ಅದನ್ನ ಹಾಕೋಕೆ ಹೋದೆ. ನನ್ನ ಕೈ ಹಿಡ್ಕೊಂಡ್ಲು. ಮೆಲ್ಲಗೆ, ಯಾರಿಗೂ ಕೇಳಬಾರದು ಅನ್ನೋ ಹಾಗೆ, ‘ಪಾತ್ರೆ ನಡುವಿಂದ ಹಾಕು ಮಗಳೇ’ ಅಂದ್ಲು... ಅಷ್ಟೇ. ನಡುವಿಂದ ಹಾಕು...”

ಟೈಲರಮ್ಮ ತಲೆ ಎತ್ತಿದರು. ಇಷ್ಟು ವರ್ಷದ ಸ್ನೇಹದಲ್ಲಿ ಈ ಮಾತು ಅವರೂ ಕೇಳಿರಲಿಲ್ಲ. ಮೇಡಂ ಮೂಗು ಒರೆಸಿಕೊಂಡು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

“... ಅಳ್ತಿಲ್ಲ. ನೆಗಡಿ. ನಾನು ಹೇಳೋದು ಇಷ್ಟೇ. ಮೊದಲು ಆ ಫೋಟೋ ಕೆಳಗಿಳಿಸು, ಆಮೇಲೆ ಅಂಕದ ಮಾತಾಡು. ಇಲ್ಲಾ, ಫೋಟೋ ಇರಲಿ ಅಂತೀಯಾ, ಅದರ ಕಣ್ಣೆದುರಿಗೆ ಅವರನ್ನ ಕೂರಿಸಿ ಬಡಿಸು...”

“... ಏನಂದೆ?... ಸ್ಪಷ್ಟವಾಗಿ ಹೇಳು, ಇಲ್ಲಿ ಗಾಡಿ ಸದ್ದು... ಇವತ್ತಿಂದ ಕ್ಯಾರಿಯರ್ ಬರಲ್ಲ. ಹಾಂ. ಕೇಳಿಸ್ತು...”

ಸಂಜೆಯಾದರೆ ಅವನ ಹೋಟೆಲಿನಿಂದ ಮೇಡಂ ರೂಮಿಗೆ ಊಟದ ಕ್ಯಾರಿಯರ್ ಬರುತ್ತಿತ್ತು. ಅವರ ಮಂಡಿನೋವು ಹೆಚ್ಚಾಗಿ, ಒಲೆಯ ಮುಂದೆ ನಿಲ್ಲುವುದು ಕಷ್ಟವಾದಾಗಿನಿಂದ ಅವನು ತಾನಾಗಿಯೇ ಶುರುಮಾಡಿದ್ದು. ಎಷ್ಟೋ ಸಲ ಸೂಪಿನ ಡಬ್ಬಿಗೆ ಸುತ್ತಲೂ ಬಟ್ಟೆ ಸುತ್ತಿ, ಆರದ ಹಾಗೆ ಕಳಿಸುತ್ತಿದ್ದ. ಅದನ್ನು ಮೇಡಂ ಮರೆತವರಲ್ಲ. ಈಗಲೂ ಮರೆಯಲಿಲ್ಲ.

“... ಋಣ ಇದೆ, ಇಲ್ಲ ಅಂದ್ನಾ? ನೀನು ಡಬ್ಬಿಗೆ ಬಟ್ಟೆ ಸುತ್ತಿ ಕಳಿಸಿದ್ದು ಎಲ್ಲಾ ನೆನಪಿದೆ ನನಗೆ. ನಿನ್ನ ಕೈ ಕೆಟ್ಟದ್ದಲ್ಲ ಕಣೋ, ಅದಕ್ಕೇ ಇಷ್ಟು ಹೊಟ್ಟೆ ಉರಿಯೋದು... ಆದರೆ ಊಟ ಕೊಟ್ಟೆ ಅಂತ ನನ್ನ ಕಣ್ಣೂ ಕೊಂಡ್ಕೊಂಡೆ ಅಂದ್ಕೊಂಡ್ಯಾ? ನಾಳೆನೇ ಕ್ಯಾರಿಯರ್ ತೊಳೆದು ಕಳಿಸ್ತೀನಿ. ಮೇಲಿನ ಮುಚ್ಚಳ ಸಡಿಲ ಆಗಿದೆ, ಸರಿ ಮಾಡಿಸ್ಕೋ...”

“... ನನಗೇನಾಗತ್ತೆ? ಬ್ರೆಡ್ಡು ತಿಂತೀನಿ. ಹಾಲು ಕುಡೀತೀನಿ. ಬಾಳೆಹಣ್ಣು ಇದೆ. ಉಪವಾಸ ಸತ್ರೆ ಬೋರ್ಡಲ್ಲಿ ಬರೆಸು, ‘ಅತ್ತೆ: ಸೊನ್ನೆ’ ಅಂತ...”

“... ನಿಮ್ಮಪ್ಪನ ಹೆಸರು ತೆಗೀಬೇಡ. ಅವನು ಫೋನ್ ಮಾಡಲಿ, ನಾನು ಅವನಿಗೂ ಇದನ್ನೇ ಹೇಳ್ತೀನಿ. ಅವನೂ ಅದೇ ಹೊಸ್ತಿಲ ಮೇಲೆ ಕೂತೋನು...”

ಹೊರಗೆ ಇಬ್ಬರು ಹುಡುಗಿಯರು ಬೋರ್ಡಿನ ಮುಂದೆ ನಿಂತು ಓದಿದರು. ಒಬ್ಬಳು ಏನೋ ಹೇಳಿದಳು, ಇನ್ನೊಬ್ಬಳು ತಲೆಯಾಡಿಸಿದಳು. ಇಬ್ಬರೂ ಸೇತುವೆಯ ಕಡೆಗೆ ತಿರುಗಿ ಹೋದರು.

“... ಟೈಲರಮ್ಮನಿಗೆ ಕೊಡಬೇಕಾ ಫೋನು? ಯಾಕೆ?... ಏನು, ಅಳಿಸೋಕೆ ಒಪ್ಪಿದ್ದಾಳಾ?... ಯಾವಾಗ, ಬೆಳಿಗ್ಗೇನಾ?...”

ಮೇಡಂ ಮೆಲ್ಲಗೆ ತಿರುಗಿ ನೋಡಿದರು. ಟೈಲರಮ್ಮ ನೋಟ ತಪ್ಪಿಸಿ ನೆಲ ನೋಡಿದರು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಒಂದೊಂದೇ ಹನಿಯಾಗಿ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಅವರ ಪಕ್ಕದ ಮೇಜಿನ ಮೇಲೆ ಸೊಂಟದೆತ್ತರಕ್ಕೆ ಬಿಳಿ ಬಟ್ಟೆ. ಏಪ್ರನ್ನು, ಟೊಪ್ಪಿ, ಬಡಿಸುವವರ ಅಂಗಿ. ‘ಅಜ್ಜಿಯ ಅಡುಗೆಮನೆ’ಯ ಹೊಸ ಶಾಖೆಗೆ ಬೇಕಾದದ್ದೆಲ್ಲ ಅಲ್ಲಿತ್ತು. ಈ ಅಂಗಡಿಯ ಎರಡು ಮೆಷಿನ್ನುಗಳೂ ಈ ತಿಂಗಳೆಲ್ಲ ಹೊಲಿದದ್ದು ಅದನ್ನೇ. ಟೈಲರಮ್ಮ ಯಾಕೆ ಒಂದೇ ಕಲೆಯನ್ನು ಅಷ್ಟು ಹೊತ್ತು ಒತ್ತುತ್ತಿದ್ದರು, ಬೆಳಗಿನಿಂದ ಯಾಕೆ ಮಾತಿಲ್ಲ ಕತೆಯಿಲ್ಲ ಎಂದು ಮೇಡಂಗೆ ಈಗ ತಿಳಿಯಿತು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ.

“... ಇಲ್ಲ, ಅವಳಿಗೆ ಕೊಡಲ್ಲ. ಅವಳನ್ನ ಮಧ್ಯಕ್ಕೆ ಎಳೀಬೇಡ. ಅವಳ ಹೊಟ್ಟೆಪಾಡು ಅವಳಿಗೆ. ಬೋರ್ಡೂ ಅವಳದ್ದೇ, ಗೋಡೆನೂ ಅವಳದ್ದೇ. ಅವಳು ಒರೆಸಿದ್ರೆ ನಾನು ಯಾಕೆ ಅಂತ ಒಂದು ಮಾತು ಕೇಳಲ್ಲ. ಮುಂದಿನ ಬುಧವಾರ ಇವಳ ಪಕ್ಕದಲ್ಲೇ ಕೂತು ಊಟ ಮಾಡ್ತೀನಿ...”

“... ಗೆದ್ದೆ ಅಂತ ನಗಬೇಡ, ಪೂರ್ತಿ ಕೇಳು. ಬೋರ್ಡ್ ಅವಳದ್ದು, ಸೊನ್ನೆ ನಂದು. ಇಲ್ಲಿ ಒರೆಸಿದ್ರೆ ಕೊಡೆ ಮೇಲೆ ಬರೀತೀನಿ. ಕಪ್ಪು ಕೊಡೆ, ಬಿಳಿ ಸೀಮೆಸುಣ್ಣ, ದೂರಕ್ಕೂ ಕಾಣತ್ತೆ. ಸಂಜೆ ಹೊತ್ತು ನಿನ್ನ ಹೋಟೆಲಿಂದ ಸೇತುವೆವರೆಗೂ ಬಿಚ್ಕೊಂಡು ಓಡಾಡ್ತೀನಿ. ಡಾಕ್ಟರೂ ನಡೀರಿ ನಡೀರಿ ಅಂತಿದ್ದಾರೆ...”

“... ಮರ್ಯಾದೆ? ನನಗೆ ಯಾತರ ಮರ್ಯಾದೆಯೋ ಈ ವಯಸ್ಸಲ್ಲಿ? ಹುಚ್ಚಿ ಅನ್ನಲಿ. ಹುಚ್ಚಿ ಯಾಕೆ ಹೀಗೆ ಓಡಾಡ್ತಾಳೆ ಅಂತ ಒಬ್ಬರಾದ್ರೂ ಕೇಳ್ತಾರಲ್ವಾ, ಹೇಳ್ತೀನಿ...”

ಆ ಕಡೆಯಿಂದ ಮಾತು ಬಹಳ ಹೊತ್ತು ಬಂತು. ಮೇಡಂ ‘ಹಾಂ’, ‘ಹಾಂ’ ಎನ್ನುತ್ತ ಕೇಳಿದರು. ತಂತಿಯ ಸುರುಳಿ ಬೆರಳಿನಿಂದ ಬಿಚ್ಚಿಕೊಂಡಿತು.

“... ನಿಜ ಹೇಳ್ತಿದ್ದೀಯಾ?... ಎಲ್ಲರಿಗೂ ಮೀನು?... ಕೂರಿಸಿ?... ಯಾವಾಗ?... ಓ. ಬುಧವಾರ. ನಾವು ಬಂದಾಗ...”

“... ಇಲ್ಲ ಮರಿ. ನಾನು ಬಂದ ದಿನ ಬೇಡ. ನಾನು ಬರದ ದಿನ ಹಾಕು...”

“... ಅದು ನನಗೆ ಹೇಗೆ ಗೊತ್ತಾಗತ್ತೆ ಅಂದ್ರೆ? ಗೊತ್ತಾಗತ್ತೆ. ಹೊಟ್ಟೆ ತುಂಬಿದೋರು ಬಾಗಿಲಲ್ಲಿ ನಿಲ್ಲೋ ರೀತಿನೇ ಬೇರೆ. ಅಷ್ಟು ಯಾಕೆ, ಈಗ ಹೇಳು. ಈಗ, ಈ ಹೊತ್ತಿಗೆ. ನಿನ್ನ ಗಿರಾಕಿಗಳೆಲ್ಲ ಉಂಡು ಹೋಗಿರಬೇಕು. ಆ ನಾಲ್ಕು ಜನರದ್ದು ಊಟ ಆಯ್ತಾ?... ನನ್ನ ಕೇಳಬೇಡ, ಅವರನ್ನ ಕೇಳು. ಫೋನ್ ಅಲ್ಲೇ ಇಟ್ಟು ಹಿಂದಕ್ಕೆ ಹೋಗಿ ಕೇಳ್ಕೊಂಡು ಬಾ. ನಾನು ಕಾಯ್ತೀನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ, ನನಗೇನೂ ಊಟಕ್ಕೆ ಹೋಗಬೇಕಾಗಿಲ್ವಲ್ಲ ಈಗ...”

“... ಇಲ್ಲ. ಅಳಿಸಲ್ಲ. ಹತ್ತು ಸಲ ಕೇಳಿದ್ರೂ ಅದೇ... ಡುಮ್ಮಣ್ಣ, ಒಂದು ಮಾತು ಕೇಳು... ಕೇಳೋ ಇಲ್ಲಿ... ಹಲೋ?... ಹಲೋ... ಹಲೋ...”

ಲೈನು ಕಟ್ಟಾಗಿತ್ತು.

ಮೇಡಂ ಫೋನನ್ನು ಅದರ ಜಾಗದಲ್ಲಿಟ್ಟು, ಗಿರಾಕಿಗಳಿಗೆಂದು ಹಾಕಿದ್ದ ಸ್ಟೂಲಿನ ಮೇಲೆ ಕುಳಿತರು. ಮಂಡಿ ನೋಯುತ್ತಿತ್ತು. ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟೈಲರಮ್ಮ ಒದ್ದೆ ಬಟ್ಟೆ ಹಿಡಿದೇ ಅವರ ಮುಂದಿನಿಂದ ಹಾದು ಹೊರಗೆ ಹೋದರು. ಮೇಡಂ ತಿರುಗಿ ನೋಡಲಿಲ್ಲ. ಒದ್ದೆ ಬಟ್ಟೆ ಹಲಗೆಯ ಮೇಲೆ ಉಜ್ಜುವ ಸದ್ದು ಕೇಳಿಸಿತು. ಕೊಡೆಯ ಮೇಲೆ ಸೀಮೆಸುಣ್ಣ ನಿಲ್ಲುತ್ತದೋ ಇಲ್ಲವೋ ಎಂದು ಯೋಚಿಸಿದರು.

ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು ಬಂತು. ಕರ್ರ್ ಎಂದು, ಒತ್ತಿ ಎಳೆದ ಸದ್ದು.

ಆಗ ತಲೆಯೆತ್ತಿ ನೋಡಿದರು. ಸೊನ್ನೆಯ ಹಿಂದೆ ಮಸುಕಾಗಿ ಉಳಿದಿದ್ದ ಆ ಮೂರು, ಟೈಲರಮ್ಮನ ಕೈಬರಹದ ಮೂರು, ಈಗ ಇರಲಿಲ್ಲ. ಒದ್ದೆಯಾಗಿ ಇನ್ನಷ್ಟು ಕಪ್ಪಾದ ಹಲಗೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಿಂದ ಟೈಲರಮ್ಮ ಸೊನ್ನೆಯನ್ನು ಹೊಸದಾಗಿ ತಿದ್ದುತ್ತಿದ್ದರು, ಕಾಲರಿಗೆ ಗೆರೆ ಎಳೆಯುವಷ್ಟು ಮನಸ್ಸಿಟ್ಟು.

ಒಳಗೆ ಬಂದವರು ಬಿಳಿ ಬಟ್ಟೆಯ ರಾಶಿಯನ್ನು ಮೇಜಿನ ಒಂದು ಮೂಲೆಗೆ ತಳ್ಳಿ ಜಾಗ ಮಾಡಿದರು. ಮೆಷಿನ್ನಿನ ಕೆಳಗಿನಿಂದ ತಮ್ಮ ಊಟದ ಡಬ್ಬಿ ತೆಗೆದರು. ಮುಚ್ಚಳವನ್ನು ಮಗುಚಿ, ಚಮಚವನ್ನು ಅನ್ನದ ನಡುವಿಗೆ ಇಳಿಸಿ, ಅಲ್ಲಿಂದಲೇ ತೆಗೆತೆಗೆದು ಮುಚ್ಚಳದ ತುಂಬ ಹಾಕಿದರು. ಅಂಚಿನಲ್ಲಿದ್ದದ್ದನ್ನು ತಮಗೆ ಉಳಿಸಿಕೊಂಡರು.

ಆಮೇಲೆ ಮುಚ್ಚಳವನ್ನು ಮೇಡಂ ಕೈಗೆ ಕೊಟ್ಟರು.